ದೀರ್ಘಕಾಲದ ಕೀಲು ಮತ್ತು ಸೊಂಟ ನೋವಿಗೆ ಪ್ರಕೃತಿ ಚಿಕಿತ್ಸೆಯ ನೆರವು: ಅಂಕಲಿ ಹಾಗೂ ಸುತ್ತಲಿನ ತಾಲ್ಲೂಕುಗಳ ಸಾರ್ವಜನಿಕರ ಮಾಹಿತಿಗಾಗಿ

ಅಂಕಲಿ ಹಾಗೂ ಸುತ್ತಲಿನ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಮತ್ತು ಕಾಗವಾಡ ತಾಲ್ಲೂಕುಗಳಲ್ಲಿ ಸೊಂಟ, ಮೊಣಕಾಲು, ಕುತ್ತಿಗೆ ಅಥವಾ ಭುಜದ ನೋವಿನಿಂದ ಬಹುಕಾಲದಿಂದ ಬಳಲುತ್ತಿರುವವರು ಪ್ರಕೃತಿ ಚಿಕಿತ್ಸೆಯನ್ನು ಕೋರುವ ಮುನ್ನ ತಿಳಿದಿರಬೇಕಾದ ವಿಷಯಗಳನ್ನು ಇಲ್ಲಿ ವಿವರಿಸಲಾಗಿದೆ. ಮೂರು ತಿಂಗಳು ಮೀರಿಯೂ ಉಳಿದ ನೋವನ್ನು ವೈದ್ಯಶಾಸ್ತ್ರದಲ್ಲಿ ದೀರ್ಘಕಾಲದ ನೋವು ಎಂದು ಪರಿಗಣಿಸಲಾಗುತ್ತದೆ. ಎರಡು ವಾರಗಳ ಹಿಂದೆ ಜಾರಿ ಬಿದ್ದು ಬಂದ ನೋವಿಗೆ ಈ ಮಾಹಿತಿ ಅನ್ವಯಿಸುವುದಿಲ್ಲ. ಅಂತಹವರು ನೇರವಾಗಿ ಸಮೀಪದ ಸರ್ಕಾರಿ ಆಸ್ಪತ್ರೆಗೆ ಹೋಗುವುದು.

ನೋವು ಮತ್ತು ದುಡಿಮೆ

ಈ ಭಾಗದಲ್ಲಿ ಕೀಲು ಮತ್ತು ಬೆನ್ನಿನ ನೋವಿಗೂ ಜನರ ದುಡಿಮೆಗೂ ನೇರ ಸಂಬಂಧವಿದೆ. ಕೃಷ್ಣಾ ತೀರದ ಕಬ್ಬಿನ ಹೊಲಗಳಲ್ಲಿ ಕಟಾವು ಮಾಡುವವರು ನೆಲಮಟ್ಟಕ್ಕೆ ಬಾಗಿ ಕಬ್ಬಿನ ಬುಡವನ್ನು ಕಡಿಯುತ್ತಾರೆ. ಕಡಿದ ಕಬ್ಬಿನ ಹೊರೆಯನ್ನು ತಲೆಯ ಮೇಲೆ ಹೊತ್ತು, ಟ್ರ್ಯಾಕ್ಟರಿಗೆ ಒರಗಿಸಿದ ಹಲಗೆಯನ್ನು ಏರುತ್ತಾರೆ. ನಿಪ್ಪಾಣಿ ಭಾಗದ ಬೀಡಿ ಕಟ್ಟುವ ಮಹಿಳೆಯರು ಚಕ್ಕಳಮಕ್ಕಳ ಹಾಕಿ ಕುಳಿತು, ಮಡಿಲಲ್ಲಿ ಮೊರವಿಟ್ಟುಕೊಂಡು, ಕುತ್ತಿಗೆ ಬಗ್ಗಿಸಿದಂತೆಯೇ ದಿನದ ಬಹುಭಾಗವನ್ನು ಕಳೆಯುತ್ತಾರೆ. ಅಥಣಿ ಭಾಗದಲ್ಲಿ ತಯಾರಾಗುವ ಚರ್ಮದ ಪಾದರಕ್ಷೆಗಳು ಭೌಗೋಳಿಕ ಸೂಚಕ ಪಡೆದ ಕೊಲ್ಹಾಪುರಿ ಚಪ್ಪಲಿಯ ವ್ಯಾಪ್ತಿಗೆ ಸೇರುತ್ತವೆ. ಅವುಗಳನ್ನು ಹೊಲಿಯುವ ಕುಶಲಕರ್ಮಿಗಳೂ ನೆಲದ ಮೇಲೆ ಕುಳಿತು ಮುಂದಕ್ಕೆ ಬಾಗಿಯೇ ಕೆಲಸ ಮಾಡುವರು.

ಈ ಮೂವರಿಗೂ ಹತ್ತು ದಿನಗಳ ಯಾವುದೇ ಚಿಕಿತ್ಸೆಯಿಂದ ನೋವು ಇಳಿಯಬಹುದು. ಆದರೆ ಹನ್ನೊಂದನೆಯ ದಿನ ಅದೇ ಭಂಗಿಯಲ್ಲಿ ಅದೇ ಕೆಲಸಕ್ಕೆ ಮರಳಿದರೆ ನೋವೂ ಮರಳುತ್ತದೆ. ಚಿಕಿತ್ಸೆಗೆ ಬರುವವರು ತಮ್ಮ ಉದ್ಯೋಗವನ್ನು, ದಿನಕ್ಕೆ ಎಷ್ಟು ಗಂಟೆ ಯಾವ ಭಂಗಿಯಲ್ಲಿ ಇರುವರೆಂಬುದನ್ನು ವೈದ್ಯರಿಗೆ ತಪ್ಪದೆ ತಿಳಿಸತಕ್ಕದ್ದು. ಹೊರರೋಗಿ ಚೀಟಿಯಲ್ಲಿ ಉದ್ಯೋಗದ ಕಾಲಂ ಖಾಲಿ ಉಳಿಯುವುದೇ ಹೆಚ್ಚು. ಈ ರೋಗದ ಮಟ್ಟಿಗೆ ಅದೇ ಅತಿ ಮುಖ್ಯವಾದ ಕಾಲಂ ಎನ್ನಬಹುದು.

ಮೊದಲು ರೋಗನಿರ್ಣಯ, ನಂತರ ಪ್ರಕೃತಿ ಚಿಕಿತ್ಸೆ

ಪ್ರಕೃತಿ ಚಿಕಿತ್ಸೆಯು ದೀರ್ಘಕಾಲದ ನೋವಿಗೆ ನೆರವಾಗುವ ಪದ್ಧತಿಯಾಗಿದ್ದು, ನೋವಿನ ಕಾರಣವನ್ನು ಪತ್ತೆ ಹಚ್ಚುವ ಕೆಲಸಕ್ಕೆ ಬದಲಿಯಾಗಲಾರದು. ಬೆನ್ನುನೋವಿನ ಬಹುಪಾಲು ಪ್ರಕರಣಗಳಲ್ಲಿ ಅಪಾಯಕಾರಿ ಕಾರಣ ಇರುವುದಿಲ್ಲ. ಇರುವ ಕೆಲವೇ ಪ್ರಕರಣಗಳನ್ನು ಎಣ್ಣೆ ತಿಕ್ಕಿಸುತ್ತ ತಿಂಗಳುಗಟ್ಟಲೆ ಮುಂದೂಡಿದಲ್ಲಿ ಸರಿಪಡಿಸಲಾಗದ ಹಾನಿ ಸಂಭವಿಸುತ್ತದೆ.

ಬೆನ್ನುಮೂಳೆಯ ಕ್ಷಯ ಇದಕ್ಕೆ ಮೊದಲ ಉದಾಹರಣೆ. ಇದರಲ್ಲಿ ಕೆಮ್ಮು ಇರಲೇಬೇಕೆಂದಿಲ್ಲ. ಬೆನ್ನಿನ ಒಂದೇ ಜಾಗದಲ್ಲಿ ದಿನೇ ದಿನೇ ಹೆಚ್ಚುವ ನೋವು, ರಾತ್ರಿ ಮಲಗಿದರೂ ಬಿಡದ ನೋವು, ಸಂಜೆಯ ಸಣ್ಣ ಜ್ವರ ಹಾಗೂ ತೂಕ ಇಳಿಯುವುದು ಇದರ ಸೂಚನೆಗಳು. ಕಾಲುಗಳಲ್ಲಿ ಬಲ ಕುಂದುವವರೆಗೆ ಕಾಯ್ದರೆ ಬೆನ್ನುಹುರಿಗೆ ಪೆಟ್ಟಾಗಿರುತ್ತದೆ. ಸಕಾಲದಲ್ಲಿ ಗುರುತಿಸಿದಲ್ಲಿ ಇದು ಔಷಧದಿಂದ ಗುಣವಾಗುವ ರೋಗವಾಗಿದ್ದು, ಕ್ಷಯದ ಪರೀಕ್ಷೆ ಹಾಗೂ ಔಷಧಗಳು ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತವಾಗಿ ದೊರೆಯುತ್ತವೆ.

ಎರಡನೆಯದು ದನಕರುಗಳಿಂದ ಬರುವ ಬ್ರೂಸೆಲ್ಲೋಸಿಸ್. ಎಮ್ಮೆ ಅಥವಾ ಆಕಳು ಕಂದು ಹಾಕಿದಾಗ ಬರಿಗೈಯಿಂದ ಮಾಸು ತೆಗೆದವರಿಗೆ, ಕಾಯಿಸದ ಹಾಲು ಕುಡಿಯುವವರಿಗೆ ಈ ಸೋಂಕು ತಗಲುತ್ತದೆ. ಬಿಟ್ಟುಬಿಟ್ಟು ಬರುವ ಜ್ವರ, ಬೆವರು, ಸೊಂಟದ ಹಾಗೂ ಕೀಲುಗಳ ನೋವು ಇದರ ಲಕ್ಷಣಗಳು. ದನ ಸಾಕುವ ಮನೆಯವರು ಈ ಸಂಗತಿಯನ್ನು ವೈದ್ಯರಿಗೆ ತಾವಾಗಿಯೇ ಹೇಳುವುದು ಒಳಿತು. ಏಕೆಂದರೆ ಕೇಳದಿದ್ದರೆ ಯಾರೂ ಹೇಳುವ ವಿಷಯ ಇದಲ್ಲ.

ಮೂರನೆಯದು ರುಮಟಾಯ್ಡ್ ಸಂಧಿವಾತ. ಬೆಳಿಗ್ಗೆ ಎದ್ದಾಗ ಎರಡೂ ಕೈಗಳ ಬೆರಳಿನ ಗೆಣ್ಣುಗಳು ಊದಿಕೊಂಡು, ಒಂದು ಗಂಟೆಯಾದರೂ ಬಿಗಿತ ಬಿಡದಿದ್ದರೆ ಅದನ್ನು ಸಾಮಾನ್ಯ ಸವೆತವೆಂದು ಭಾವಿಸಬಾರದು. ಈ ರೋಗದಲ್ಲಿ ದೇಹದ ರಕ್ಷಣಾ ವ್ಯವಸ್ಥೆಯೇ ಕೀಲುಗಳನ್ನು ಹಾಳುಗೆಡವುತ್ತದೆ. ರೋಗವನ್ನು ತಡೆಹಿಡಿಯುವ ಔಷಧ ತಡವಾದಷ್ಟೂ ಬೆರಳುಗಳು ಸೊಟ್ಟಗಾಗುವ ಸಂಭವ ಹೆಚ್ಚುತ್ತದೆ. ಇವಲ್ಲದೆ, 2006ರಲ್ಲಿ ರಾಜ್ಯದಲ್ಲಿ ಚಿಕೂನ್‌ಗುನ್ಯ ವ್ಯಾಪಕವಾಗಿ ಹರಡಿದಾಗ ಅನೇಕರಲ್ಲಿ ಜ್ವರ ಇಳಿದ ಮೇಲೂ ಕೀಲುನೋವು ತಿಂಗಳುಗಟ್ಟಲೆ ಉಳಿದದ್ದನ್ನು ಹಿರಿಯರು ಬಲ್ಲರು. ಆದುದರಿಂದ ನೋವಿಗೆ ಮುಂಚೆ ಜ್ವರ ಬಂದಿತ್ತೇ ಎಂಬುದನ್ನೂ ನೆನಪಿಸಿಕೊಂಡು ಹೇಳತಕ್ಕದ್ದು.

ಮಲಮೂತ್ರದ ಹಿಡಿತ ತಪ್ಪುವುದು, ಕುಳಿತುಕೊಳ್ಳುವ ಭಾಗದಲ್ಲಿ ಸ್ಪರ್ಶಜ್ಞಾನ ಇಲ್ಲವಾಗುವುದು, ಕಾಲು ಎತ್ತಲಾಗದಿರುವುದು ಕಂಡುಬಂದಲ್ಲಿ ಯಾವುದೇ ಚಿಕಿತ್ಸಾ ಕೇಂದ್ರದ ಸರದಿಗಾಗಿ ಕಾಯದೆ ಅದೇ ದಿನ ಆಸ್ಪತ್ರೆಗೆ ದಾಖಲಾಗಬೇಕು.

ಮೇಲಿನ ಕಾರಣಗಳು ಇಲ್ಲವೆಂದು ವೈದ್ಯರು ಖಚಿತಪಡಿಸಿದ ನಂತರ, ಸಾಮಾನ್ಯ ಸೊಂಟನೋವು, ವಯಸ್ಸಿನೊಡನೆ ಬರುವ ಮೊಣಕಾಲು ಕೀಲಿನ ಸವೆತ, ಕುತ್ತಿಗೆ ಮತ್ತು ಭುಜದ ಸ್ನಾಯುಗಳ ಬಿಗಿತ ಇವುಗಳಿಗೆ ಪ್ರಕೃತಿ ಚಿಕಿತ್ಸೆಯ ನೆರವನ್ನು ಧೈರ್ಯವಾಗಿ ಪಡೆಯಬಹುದಾಗಿದೆ. ರುಮಟಾಯ್ಡ್ ಸಂಧಿವಾತ ಇರುವವರೂ ಪಡೆಯಬಹುದು. ಆದರೆ ನಡೆಯುತ್ತಿರುವ ಔಷಧವನ್ನು ನಿಲ್ಲಿಸಬಾರದು.

ಎಷ್ಟರ ಮಟ್ಟಿಗೆ ಉಪಯೋಗ

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2020ರಲ್ಲಿ ಜಗತ್ತಿನಾದ್ಯಂತ 61.9 ಕೋಟಿ ಜನರು ಸೊಂಟನೋವಿನಿಂದ ಬಳಲುತ್ತಿದ್ದರು. ಸದರಿ ಸಂಸ್ಥೆಯು 2023ರ ಡಿಸೆಂಬರ್‌ನಲ್ಲಿ ದೀರ್ಘಕಾಲದ ಸೊಂಟನೋವಿನ ಬಗ್ಗೆ ಮಾರ್ಗಸೂಚಿಯನ್ನು ಪ್ರಕಟಿಸಿತು. ರೋಗಿಗೆ ತಿಳಿವಳಿಕೆ ನೀಡುವುದು, ಕ್ರಮಬದ್ಧ ವ್ಯಾಯಾಮ, ಅಂಗಮರ್ದನದಂತಹ ಕೆಲವು ಹಸ್ತಚಿಕಿತ್ಸೆಗಳು ಅದರಲ್ಲಿ ಶಿಫಾರಸಾಗಿವೆ. ಸೊಂಟಪಟ್ಟಿ ಕಟ್ಟುವುದು ಹಾಗೂ ತೂಕ ಕಟ್ಟಿ ಬೆನ್ನು ಎಳೆಯುವುದನ್ನು ದಿನನಿತ್ಯದ ಚಿಕಿತ್ಸೆಯಾಗಿ ನೀಡದಿರುವಂತೆ ತಿಳಿಸಲಾಗಿದೆ. ಈ ಭಾಗದಲ್ಲಿ ಸೊಂಟನೋವು ಎಂದೊಡನೆ ಪಟ್ಟಿ ಕೊಳ್ಳುವವರು ಇದನ್ನು ಗಮನಿಸುವುದು.

ಯೋಗದ ಬಗ್ಗೆ ಬೆಂಗಳೂರಿನಲ್ಲಿಯೇ ನಡೆದ ಎರಡು ಅಧ್ಯಯನಗಳನ್ನು ಉಲ್ಲೇಖಿಸಬಹುದು. 2008ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ದೀರ್ಘಕಾಲದ ಸೊಂಟನೋವು ಇದ್ದ 80 ಮಂದಿಯನ್ನು ಎರಡು ಗುಂಪು ಮಾಡಿ, ಏಳು ದಿನ ಚಿಕಿತ್ಸಾ ಕೇಂದ್ರದಲ್ಲಿಯೇ ಇರಿಸಿಕೊಂಡು ಒಂದು ಗುಂಪಿಗೆ ಯೋಗ, ಇನ್ನೊಂದಕ್ಕೆ ದೈಹಿಕ ವ್ಯಾಯಾಮ ನೀಡಲಾಯಿತು. ಯೋಗದ ಗುಂಪಿನಲ್ಲಿ ದಿನನಿತ್ಯದ ಚಟುವಟಿಕೆಗಿದ್ದ ಅಡಚಣೆ ಹೆಚ್ಚು ಕಡಿಮೆಯಾಗಿ, ಬೆನ್ನಿನ ಬಾಗುವಿಕೆ ಹೆಚ್ಚು ಸುಧಾರಿಸಿತು. 2012ರಲ್ಲಿ ಪ್ರಕಟವಾದ ಇನ್ನೊಂದರಲ್ಲಿ ಮೊಣಕಾಲು ಸವೆತವಿದ್ದ 250 ಮಂದಿ ಪಾಲ್ಗೊಂಡಿದ್ದರು. ಅದರಲ್ಲಿ ಫಿಸಿಯೋಥೆರಪಿಯ ಜೊತೆಗೆ ಯೋಗವನ್ನೂ ಸೇರಿಸಿಕೊಂಡವರಿಗೆ ಹೆಚ್ಚಿನ ಉಪಶಮನ ದೊರೆಯಿತು. ಈ ಎರಡನೆಯ ಅಧ್ಯಯನದವರು ಮೊದಲ ಎರಡು ವಾರ ಕಲಿತದ್ದನ್ನು ಮೂರು ತಿಂಗಳವರೆಗೆ ಮನೆಯಲ್ಲಿ ಮುಂದುವರಿಸಿದ್ದರೆಂಬುದು ಗಮನಾರ್ಹ.

ಮಣ್ಣಿನ ಪಟ್ಟಿ, ನೀರಿನ ಚಿಕಿತ್ಸೆ ಮತ್ತು ಅಂಗಮರ್ದನಗಳಿಂದ ಸ್ನಾಯುಗಳ ಬಿಗಿತ ಸಡಿಲಗೊಂಡು ನೋವು ಇಳಿಯುವುದು ಸಾಮಾನ್ಯ ಅನುಭವ. ಆದರೆ ಸವೆದ ಮೃದ್ವಸ್ಥಿ ಮಣ್ಣಿನಿಂದಾಗಲಿ ಎಣ್ಣೆಯಿಂದಾಗಲಿ ಮತ್ತೆ ಬೆಳೆಯುವುದಿಲ್ಲ. ಬೆಳೆಸಿಕೊಡುವುದಾಗಿ ಹೇಳಿ ಮುಂಗಡ ಹಣ ಕೇಳುವವರಿಂದ ಸಾರ್ವಜನಿಕರು ದೂರವಿರುವುದು ಲೇಸು. ಈ ಚಿಕಿತ್ಸೆಗಳ ನಿಜವಾದ ಪ್ರಯೋಜನವೆಂದರೆ, ನೋವು ಇಳಿದಿರುವ ಆ ಒಂದೆರಡು ಗಂಟೆಗಳಲ್ಲಿ ರೋಗಿಯು ವ್ಯಾಯಾಮ ಮಾಡಲು ಶಕ್ತನಾಗುತ್ತಾನೆ. ತೊಡೆಯ ಮುಂಭಾಗದ ಸ್ನಾಯು ಬಲಗೊಂಡಷ್ಟೂ ಮೊಣಕಾಲಿನ ಭಾರ ತಗ್ಗುತ್ತದೆ. ಪಟ್ಟಿ ಹಾಕಿಸಿಕೊಂಡು ಮಲಗಿ ಎದ್ದು ಹೋಗುವವರಿಗೆ ದೊರೆಯುವುದು ಅರ್ಧ ಲಾಭ ಮಾತ್ರ.

ಮನೆಯಲ್ಲಿ ಮಾಡಿಕೊಳ್ಳಬಹುದಾದದ್ದು

ವಸತಿ ಸಹಿತ ಚಿಕಿತ್ಸೆಗೆ ಹೋಗುವ ದಿನಗೂಲಿ ಕಾರ್ಮಿಕರಿಗೆ ಶುಲ್ಕಕ್ಕಿಂತ ಆ ದಿನಗಳ ಕೂಲಿ ತಪ್ಪುವುದೇ ದೊಡ್ಡ ವೆಚ್ಚ. ಕಾರ್ಖಾನೆಗಳು ಕಬ್ಬು ನುರಿಸುವ ಹಂಗಾಮಿನಲ್ಲಿ ಕಟಾವಿನ ಗ್ಯಾಂಗಿನವರು ಹತ್ತು ದಿನ ಬಿಡುವು ಮಾಡಿಕೊಳ್ಳುವುದು ಅಸಾಧ್ಯವೆಂದೇ ಹೇಳಬೇಕು. ಅಂತಹವರು ವೈದ್ಯರಿಂದ ಒಮ್ಮೆ ಕಲಿತು ಮನೆಯಲ್ಲಿ ಮುಂದುವರಿಸಬಹುದಾದ ವಿಧಾನಗಳು ಹಲವಿವೆ.

ಬಿಸಿ-ತಣ್ಣೀರಿನ ಪಟ್ಟಿ ಅವುಗಳಲ್ಲಿ ಸುಲಭವಾದುದು. ಎರಡು ಪಾತ್ರೆ, ಎರಡು ದಪ್ಪ ಬಟ್ಟೆ ಸಾಕು. ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಮೂರು ನಿಮಿಷ, ತಣ್ಣೀರಿನದನ್ನು ಒಂದು ನಿಮಿಷ, ಹೀಗೆ ಮೂರು ಸಲ ನೋವಿನ ಭಾಗದ ಮೇಲಿಡುವುದು. ನೀರಿನ ಬಿಸಿಯನ್ನು ಮೊಣಕೈಯಿಂದ ಪರೀಕ್ಷಿಸತಕ್ಕದ್ದು. ಮಧುಮೇಹದಿಂದ ಪಾದಗಳಲ್ಲಿ ಜೋಮು ಇರುವವರಿಗೆ ಬಿಸಿ ತಿಳಿಯುವುದಿಲ್ಲವಾದ್ದರಿಂದ ಚರ್ಮ ಸುಟ್ಟು ಮಾಯದ ಹುಣ್ಣಾಗಬಹುದು. ಅವರು ಬಿಸಿನೀರಿನ ಪಾದಸ್ನಾನವನ್ನೂ ವೈದ್ಯರನ್ನು ಕೇಳದೆ ಮಾಡಬಾರದು.

ಮಣ್ಣಿನ ಪಟ್ಟಿಗೆ ಈ ಭಾಗದ ಎರೆ ಮಣ್ಣು ನೀರನ್ನು ಹಿಡಿದಿಡುವ ಗುಣದಿಂದಾಗಿ ಯೋಗ್ಯವಾಗಿದೆ. ಆದರೆ ಕಬ್ಬಿನ ಹೊಲದ ಮೇಲ್ಮಣ್ಣನ್ನು ಬಳಸಬಾರದು. ಅದರಲ್ಲಿ ರಾಸಾಯನಿಕ ಗೊಬ್ಬರ ಹಾಗೂ ಕಳೆನಾಶಕದ ಅಂಶವಿರುತ್ತದೆ. ಬೇಸಾಯವಿಲ್ಲದ ಜಾಗದಲ್ಲಿ ಮೂರು ನಾಲ್ಕು ಅಡಿ ಆಳದಿಂದ ತೆಗೆದ ಮಣ್ಣನ್ನು ಬಿಸಿಲಿಗೆ ಒಣಗಿಸಿ, ಪುಡಿ ಮಾಡಿ, ಜರಡಿ ಹಿಡಿದು, ರಾತ್ರಿಯೆಲ್ಲ ನೆನೆಸಿಟ್ಟು, ತೆಳು ಬಟ್ಟೆಯಲ್ಲಿ ಹರಡಿ ಇಪ್ಪತ್ತರಿಂದ ಮೂವತ್ತು ನಿಮಿಷ ಇಡುವುದು. ಗಾಯ ಅಥವಾ ಬಿರುಕು ಬಿಟ್ಟ ಚರ್ಮದ ಮೇಲೆ ಹಾಕಬಾರದು. ಒಬ್ಬರಿಗೆ ಬಳಸಿದ ಮಣ್ಣನ್ನು ಇನ್ನೊಬ್ಬರಿಗೆ ಬಳಸಬಾರದು.

ಕೀಲು ಕೆಂಪಾಗಿ, ಮುಟ್ಟಿದರೆ ಬಿಸಿಯಾಗಿ ಊದಿಕೊಂಡಿರುವಾಗ ಶಾಖ ಕೊಡುವುದಾಗಲಿ ತಿಕ್ಕುವುದಾಗಲಿ ಸಲ್ಲದು. ಒಂದೇ ಕಾಲಿನ ಮೀನಖಂಡ ಏಕಾಏಕಿ ಬಾತುಕೊಂಡು ನೋಯುತ್ತಿದ್ದರೆ ರಕ್ತನಾಳದಲ್ಲಿ ಹೆಪ್ಪುಗಟ್ಟಿರುವ ಸಂಭವವಿದ್ದು, ತಿಕ್ಕಿದಲ್ಲಿ ಪ್ರಾಣಾಪಾಯವಾಗಬಹುದು. ಹೃದ್ರೋಗಿಗಳು ಹಾಗೂ ಗರ್ಭಿಣಿಯರು ಹಬೆಸ್ನಾನದಿಂದ ದೂರವಿರತಕ್ಕದ್ದು.

ಬೀಡಿ ಕಟ್ಟುವವರು ಹಾಗೂ ಚಪ್ಪಲಿ ಕುಶಲಕರ್ಮಿಗಳು ಅರ್ಧ ಗಂಟೆಗೊಮ್ಮೆ ಎದ್ದು ನಿಂತು, ಎರಡೂ ಕೈ ಸೊಂಟದ ಮೇಲಿಟ್ಟು ನಿಧಾನವಾಗಿ ಹಿಂದಕ್ಕೆ ಬಾಗಿ, ಭುಜಗಳನ್ನು ತಿರುಗಿಸಿ ಮತ್ತೆ ಕುಳಿತುಕೊಳ್ಳುವುದು. ಒಂದೆರಡು ನಿಮಿಷದ ಈ ಬಿಡುವಿನಿಂದ ಸಂಜೆಯ ಲೆಕ್ಕದಲ್ಲಿ ಕೆಲವು ಬೀಡಿ ಕಡಿಮೆಯಾಗಬಹುದು ಎಂಬ ಆತಂಕ ಸಹಜ. ಆದರೆ ಕುತ್ತಿಗೆ ನೋವಿನಿಂದ ಇಡೀ ದಿನವೇ ತಪ್ಪಿದರೆ ಆಗುವ ನಷ್ಟವನ್ನು ಎದುರಿಗಿಟ್ಟು ನೋಡಬೇಕು. ಗೋಡೆಗೆ ಒರಗಿ, ಎಂಟು ಬೆರಳು ಎತ್ತರದ ಮಣೆಯ ಮೇಲೆ ಕುಳಿತರೂ ಮೊಣಕಾಲಿನ ಮಡಿಕೆ ಎಷ್ಟೋ ಸಡಿಲವಾಗುತ್ತದೆ.

ಆಹಾರ ಮತ್ತು ಉಪವಾಸ

ನಡೆಯುವಾಗ ದೇಹದ ತೂಕ ಒಂದು ಕಿಲೋ ಇಳಿದರೆ ಪ್ರತಿ ಹೆಜ್ಜೆಗೆ ಮೊಣಕಾಲಿನ ಮೇಲೆ ಬೀಳುವ ಭಾರ ಸುಮಾರು ನಾಲ್ಕು ಕಿಲೋ ಇಳಿಯುತ್ತದೆಂದು ಕಂಡುಬಂದಿದೆ. ದಪ್ಪ ಇರುವವರು ಐದು ಕಿಲೋ ಇಳಿಸಿದರೆ ಹೆಜ್ಜೆಗೆ ಇಪ್ಪತ್ತು ಕಿಲೋ ಉಳಿತಾಯ! ಯಾವ ಎಣ್ಣೆಯಿಂದಲೂ ಇಷ್ಟು ಲಾಭ ದೊರೆಯದು. ಇದಕ್ಕಾಗಿ ಹೊರಗಿನ ವಿಶೇಷ ಆಹಾರವೇನೂ ಬೇಕಾಗಿಲ್ಲ. ಜೋಳದ ರೊಟ್ಟಿ, ಸೊಪ್ಪು, ಕಾಳಿನ ಪಲ್ಯ, ಮಜ್ಜಿಗೆ ಈ ಭಾಗದ ರೂಢಿಯ ಊಟವೇ ಆಗಿವೆ. ಸಕ್ಕರೆ ಹಾಕಿದ ಚಹಾದ ಸಂಖ್ಯೆಯನ್ನು ಕಡಿಮೆ ಮಾಡುವುದೇ ಕಬ್ಬಿನ ಸೀಮೆಯಲ್ಲಿ ಕಠಿಣವಾದ ಪಥ್ಯ.

ಉಪವಾಸವು ಪ್ರಕೃತಿ ಚಿಕಿತ್ಸೆಯ ಒಂದು ಅಂಗ. ನಾರ್ವೆ ದೇಶದಲ್ಲಿ 53 ರುಮಟಾಯ್ಡ್ ಸಂಧಿವಾತ ರೋಗಿಗಳ ಮೇಲೆ ನಡೆದು 1991ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಏಳರಿಂದ ಹತ್ತು ದಿನಗಳ ಉಪವಾಸ ಹಾಗೂ ನಂತರ ಒಂದು ವರ್ಷ ಸಸ್ಯಾಹಾರ ಪಾಲಿಸಿದವರಲ್ಲಿ ನೋವು, ಬಿಗಿತ ಗಣನೀಯವಾಗಿ ಕಡಿಮೆಯಾಗಿತ್ತು. ಆ ಉಪವಾಸ ವೈದ್ಯರ ಮೇಲ್ವಿಚಾರಣೆಯಲ್ಲಿ ನಡೆದದ್ದು ಎಂಬುದನ್ನು ಮರೆಯಬಾರದು. ಮಧುಮೇಹಕ್ಕೆ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರು ಮನೆಯಲ್ಲಿ ತಾವಾಗಿಯೇ ಉಪವಾಸ ಕೈಗೊಂಡರೆ ರಕ್ತದ ಸಕ್ಕರೆ ಕುಸಿದು ಪ್ರಜ್ಞೆ ತಪ್ಪಬಹುದು.

ಔಷಧಗಳ ಬಗ್ಗೆ ಎಚ್ಚರಿಕೆ

ಕಟಾವಿನ ಬಿಸಿಲಿನಲ್ಲಿ ನೀರು ಕಡಿಮೆ ಕುಡಿದು, ಅಂಗಡಿಯಿಂದ ನೋವಿನ ಗುಳಿಗೆ ತಂದು ದಿನವೂ ನುಂಗುವುದರಿಂದ ಮೂತ್ರಪಿಂಡಕ್ಕೆ ಹಾನಿಯಾಗುತ್ತದೆ. ಹಾಗೆಂದು ವೈದ್ಯರು ಬರೆದುಕೊಟ್ಟ ಔಷಧವನ್ನು ಪ್ರಕೃತಿ ಚಿಕಿತ್ಸೆ ಆರಂಭಿಸಿದ ದಿನವೇ ಬಿಡುವುದೂ ಅಷ್ಟೇ ಅಪಾಯಕರ. ಬಹುದಿನದಿಂದ ಸ್ಟಿರಾಯ್ಡ್ ತೆಗೆದುಕೊಳ್ಳುತ್ತಿದ್ದವರು ಏಕಾಏಕಿ ನಿಲ್ಲಿಸಿದರೆ ರಕ್ತದೊತ್ತಡ ಕುಸಿದು ಜೀವಕ್ಕೆ ಕುತ್ತಾಗಬಹುದು. ಮೆಥೊಟ್ರೆಕ್ಸೇಟ್ ಮಾತ್ರೆಯನ್ನು ಸಂಧಿವಾತಕ್ಕೆ ವಾರಕ್ಕೊಂದು ದಿನ ಮಾತ್ರ ಸೇವಿಸತಕ್ಕದ್ದು. ತಪ್ಪಿ ದಿನವೂ ಸೇವಿಸಿದಲ್ಲಿ ಪ್ರಾಣಾಪಾಯ ಉಂಟಾಗುತ್ತದೆ. ಮನೆಯಲ್ಲಿ ಓದಲು ಬರುವ ಒಬ್ಬರು ಚೀಟಿಯನ್ನು ನೋಡಿ ದಿನದ ಹೆಸರನ್ನು ಡಬ್ಬಿಯ ಮೇಲೆ ಬರೆದಿಡುವುದು ಉತ್ತಮ.

ಸಂತೆಗಳಲ್ಲಿ ಗಿಡಮೂಲಿಕೆ ಎಂದು ಮಾರುವ, ತಯಾರಕರ ಹೆಸರು ಹಾಗೂ ಪರವಾನಗಿ ಸಂಖ್ಯೆ ಇಲ್ಲದ ಪುಡಿ ಮತ್ತು ಗುಳಿಗೆಗಳಲ್ಲಿ ಸ್ಟಿರಾಯ್ಡ್ ಬೆರೆಸಿರುವ ಸಾಧ್ಯತೆ ಇರುತ್ತದೆ. ಎರಡೇ ದಿನದಲ್ಲಿ ನೋವು ಪೂರ್ತಿ ಮಾಯವಾಗಿ, ಕೆಲವು ತಿಂಗಳಲ್ಲಿ ಮುಖ ಊದಿಕೊಂಡರೆ ಅದು ಗಿಡಮೂಲಿಕೆಯ ಗುಣವಲ್ಲ. ಪುಡಿಯ ಪೊಟ್ಟಣವನ್ನು ಎಸೆಯದೆ ವೈದ್ಯರಿಗೆ ತೋರಿಸುವುದು.

ಯಾರಲ್ಲಿ, ಎಲ್ಲಿ

ಪ್ರಕೃತಿ ಚಿಕಿತ್ಸಾ ವೈದ್ಯರ ವಿದ್ಯಾರ್ಹತೆ ಬಿ.ಎನ್.ವೈ.ಎಸ್. ಪದವಿ. ಒಂದು ವರ್ಷದ ತರಬೇತಿಯೂ ಸೇರಿ ಇದರ ಅವಧಿ ಐದೂವರೆ ವರ್ಷ. ರಾಜ್ಯದಲ್ಲಿ ಉಜಿರೆಯ ಶ್ರೀ ಧರ್ಮಸ್ಥಳ ಮಂಜುನಾಥೇಶ್ವರ ಕಾಲೇಜು 1989ರಿಂದ ಈ ಶಿಕ್ಷಣವನ್ನು ನೀಡುತ್ತಿದೆ. ಮೈಸೂರಿನಲ್ಲಿ ಸರ್ಕಾರಿ ಪ್ರಕೃತಿ ಚಿಕಿತ್ಸಾ ಮತ್ತು ಯೋಗ ಕಾಲೇಜು ಇದೆ. ವೈದ್ಯರ ನೋಂದಣಿಯು 1961ರ ರಾಜ್ಯ ಅಧಿನಿಯಮದಡಿ ನಡೆಯುತ್ತದೆ. ಖಾಸಗಿ ಕೇಂದ್ರಗಳು 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಅಧಿನಿಯಮದಡಿ ನೋಂದಣಿ ಹೊಂದಿರತಕ್ಕದ್ದು. ಎರಡೂ ಸಂಖ್ಯೆಗಳನ್ನು ಕೇಳಿ ಬರೆದುಕೊಳ್ಳಲು ಸಾರ್ವಜನಿಕರು ಸಂಕೋಚಪಡಬೇಕಾಗಿಲ್ಲ. ವಾರದ ಶಿಬಿರದಲ್ಲಿ ಕಲಿತು ಮಸಾಜ್ ಮಾಡುವವರು ವೈದ್ಯರಲ್ಲ.

ಆಯುಷ್ ಇಲಾಖೆಯ ಚಿಕಿತ್ಸಾಲಯಗಳಲ್ಲಿ ಹೆಚ್ಚಿನವು ಆಯುರ್ವೇದ ಪದ್ಧತಿಯವಾಗಿದ್ದು, ಎಲ್ಲೆಡೆ ಪ್ರಕೃತಿ ಚಿಕಿತ್ಸಾ ವೈದ್ಯರು ಇರುವುದಿಲ್ಲ. ಆದ್ದರಿಂದ ಊರಿಂದ ಹೊರಡುವ ಮುನ್ನ ಬೆಳಗಾವಿಯ ಜಿಲ್ಲಾ ಆಯುಷ್ ಅಧಿಕಾರಿಗಳ ಕಛೇರಿಯಲ್ಲಿ ವಿಚಾರಿಸುವುದರಿಂದ ಒಂದು ದಿನದ ಕೂಲಿ ಮತ್ತು ಬಸ್ ಖರ್ಚು ಉಳಿಯುತ್ತದೆ. ಈ ಗಡಿಭಾಗದವರಿಗೆ ಪುಣೆಯ ರಾಷ್ಟ್ರೀಯ ಪ್ರಕೃತಿ ಚಿಕಿತ್ಸಾ ಸಂಸ್ಥೆಯೂ ದೂರವಲ್ಲ. ರಾಯಬಾಗ ಅಥವಾ ಚಿಕ್ಕೋಡಿ ರೋಡ್ ನಿಲ್ದಾಣದಿಂದ ಮಿರಜ ಮಾರ್ಗವಾಗಿ ರೈಲಿನಲ್ಲಿ ತಲುಪಬಹುದು. ಕೇಂದ್ರ ಸರ್ಕಾರದ ಈ ಸಂಸ್ಥೆಯು 1986ರಿಂದ ಬಾಪು ಭವನದಲ್ಲಿ ಕಾರ್ಯನಿರ್ವಹಿಸುತ್ತಿದೆ. ಡಾ. ದಿನಶಾ ಮೆಹ್ತಾ ಅವರ ಚಿಕಿತ್ಸಾಲಯವಿದ್ದ ಇದೇ ಕಟ್ಟಡದಲ್ಲಿ ಮಹಾತ್ಮ ಗಾಂಧಿಯವರು ತಂಗಿದ್ದರು. ಅವರು ಅಖಿಲ ಭಾರತ ಪ್ರಕೃತಿ ಚಿಕಿತ್ಸಾ ಪ್ರತಿಷ್ಠಾನದ ಅಧ್ಯಕ್ಷತೆ ವಹಿಸಿಕೊಂಡ 1945ರ ನವೆಂಬರ್ 18ರ ನೆನಪಿಗಾಗಿ, 2018ರಿಂದ ಆ ದಿನವನ್ನು ಪ್ರಕೃತಿ ಚಿಕಿತ್ಸಾ ದಿನವಾಗಿ ಆಚರಿಸಲಾಗುತ್ತಿದೆ.

ವಸತಿ ಚಿಕಿತ್ಸೆಗೆ ದಾಖಲಾಗುವವರು ತಮ್ಮ ವಿಮೆ ಅಥವಾ ಯೋಜನೆಯ ಕಾರ್ಡ್ ಅಲ್ಲಿ ಅನ್ವಯಿಸುವುದೇ ಎಂಬುದನ್ನು ಮುಂಚಿತವಾಗಿ ಲಿಖಿತವಾಗಿ ಕೇಳಿ ಪಡೆಯುವುದು. ಆಸ್ಪತ್ರೆಯ ಖರ್ಚು ಭರಿಸುವ ಕಾರ್ಡ್ ಇದೆ ಎಂಬ ಕಾರಣಕ್ಕೆ ಎಲ್ಲ ಚಿಕಿತ್ಸೆಯೂ ಅದರಲ್ಲಿ ಅಡಕವಾಗಿರುವುದಿಲ್ಲ.

ಜೊತೆಗೆ ತರಬೇಕಾದವು

ಗುರುತಿನ ಚೀಟಿಯ ಜೊತೆಗೆ, ಬೆಳಗಾವಿ, ಮಿರಜ, ಕೊಲ್ಹಾಪುರ ಎಲ್ಲಿಯೇ ತೆಗೆಸಿದ್ದರೂ ಹಳೆಯ ಎಕ್ಸ್‌ರೇ ಮತ್ತು ರಕ್ತಪರೀಕ್ಷೆಯ ವರದಿಗಳನ್ನು, ಸೇವಿಸುತ್ತಿರುವ ಎಲ್ಲ ಔಷಧಗಳ ಖಾಲಿ ಪಟ್ಟಿಗಳನ್ನು ತರುವುದು. ಮರಾಠಿಯಲ್ಲಿ ಬರೆದ ಚೀಟಿಗಳಿದ್ದಲ್ಲಿ ಅವುಗಳನ್ನೂ ಬಿಡಬಾರದು. ಔಷಧದ ಹೆಸರಿನಿಂದ ವೈದ್ಯರು ಗುರುತಿಸುವರು. ಹಳೆಯ ಎಕ್ಸ್‌ರೇ ಇದ್ದಲ್ಲಿ ಹೊಸದನ್ನು ತೆಗೆಸುವ ಖರ್ಚು ಹಲವು ಬಾರಿ ತಪ್ಪುತ್ತದೆ.

ನೋವು ಮತ್ತು ಕೀಲಿನ ವಿಕಾರದಿಂದ ಚಲನೆಗೆ ಶಾಶ್ವತ ಅಡಚಣೆ ಉಂಟಾದವರು 2016ರ ವಿಕಲಚೇತನರ ಹಕ್ಕುಗಳ ಅಧಿನಿಯಮದಡಿ ಪ್ರಮಾಣಪತ್ರಕ್ಕೆ ಪ್ರತ್ಯೇಕವಾಗಿ ಅರ್ಜಿ ಸಲ್ಲಿಸಬಹುದು. ಮೀಸಲಾತಿಯಂತಹ ಸೌಲಭ್ಯಗಳಿಗೆ ಕನಿಷ್ಠ ಶೇ. 40ರಷ್ಟು ವೈಕಲ್ಯ ಇರಬೇಕು. ಇದನ್ನು ಸರ್ಕಾರ ಗೊತ್ತುಪಡಿಸಿದ ಆಸ್ಪತ್ರೆಯ ವೈದ್ಯಕೀಯ ಪ್ರಾಧಿಕಾರವೇ ಅಳೆದು ದೃಢೀಕರಿಸಬೇಕಾಗಿರುತ್ತದೆ. ಪ್ರಕೃತಿ ಚಿಕಿತ್ಸಾ ಕೇಂದ್ರದ ದಾಖಲಾತಿ ಪತ್ರವನ್ನು ಇದಕ್ಕೆ ಬದಲಾಗಿ ಸಲ್ಲಿಸಿದಲ್ಲಿ ಅರ್ಜಿ ಹಿಂದಿರುಗುತ್ತದೆ.

ಕಟಾವಿನ ಕೆಲಸಕ್ಕೆ ಹೋಗುವವರು ಹಂಗಾಮು ಮುಗಿದ ನಂತರದ ಬೇಸಿಗೆಯ ವಾರಗಳಲ್ಲಿ ತಪಾಸಣೆಗೆ ಬಂದು ವ್ಯಾಯಾಮ ಕಲಿತರೆ, ಮುಂದಿನ ಹಂಗಾಮು ಆರಂಭವಾಗುವ ವೇಳೆಗೆ ಐದಾರು ತಿಂಗಳ ಅಭ್ಯಾಸಕ್ಕೆ ಅವಕಾಶ ದೊರೆಯುತ್ತದೆ. ಹೆಚ್ಚಿನ ವಿವರಗಳಿಗಾಗಿ ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರ, ತಾಲ್ಲೂಕು ಸಾರ್ವಜನಿಕ ಆಸ್ಪತ್ರೆ ಅಥವಾ ಜಿಲ್ಲಾ ಆಯುಷ್ ಅಧಿಕಾರಿಗಳ ಕಛೇರಿಯನ್ನು ಕಛೇರಿ ವೇಳೆಯಲ್ಲಿ ಸಂಪರ್ಕಿಸುವುದು.